ಪಕ್ಕದ ಸೀಟಿನ ಬ್ರೇಕು

ಇಸ್ತ್ರಿ ಅಕ್ಕ ಡ್ರೈವಿಂಗ್ ಪರೀಕ್ಷೆಯಲ್ಲಿ ಮೂರನೇ ಸಲ ನಪಾಸಾದ ದಿನ ಅತ್ತವಳು ಅವಳಲ್ಲ, ಅವಳಿಗೆ ಕಲಿಸಿದ ಟೀಚರ್. ಅದೂ ಎಲ್ಲರೆದುರಿಗಲ್ಲ. ಪರೀಕ್ಷೆಯ ಮೈದಾನದ ಮೂಲೆಯಲ್ಲಿದ್ದ ನೀರಿನ ಟ್ಯಾಂಕಿನ ಹಿಂದೆ ಹೋಗಿ, ಸದ್ದಿಲ್ಲದೆ ಅತ್ತು, ಕಣ್ಣಿಗೆ ಧೂಳು ಬಿದ್ದವಳ ಹಾಗೆ ಕರವಸ್ತ್ರ ಒತ್ತಿಕೊಂಡು ವಾಪಸು ಬಂದಳು. ಅಷ್ಟರಲ್ಲಿ ಇಸ್ತ್ರಿ ಅಕ್ಕ ಕಾರಿಗೆ ಒರಗಿ ನಿಂತು, ಪಾಸಾಗಿ ಕುಣಿಯುತ್ತಿದ್ದ ಯಾವುದೋ ಹುಡುಗಿಗೆ ಶಹಭಾಸ್ ಹೇಳುತ್ತಿದ್ದಳು.

“ಏನಂದ್ರು ಅಕ್ಕ?”

“ಅದೇ ಹಳೇ ರಾಗ. ಸ್ಟೇರಿಂಗ್ ಚೆನ್ನಾಗಿ ಹಿಡೀತೀರಿ, ಗೇರ್ ಚೆನ್ನಾಗಿ ಹಾಕ್ತೀರಿ, ಬ್ರೇಕಿನ ಕಾಲು ಮಾತ್ರ ಮಲಗಿಬಿಟ್ಟಿದೆ ಅಂದ್ರು. ಕೊನೇ ತಿರುವಲ್ಲಿ ಪರೀಕ್ಷೆ ಮಾಡೋ ಸಾಹೇಬ್ರೇ ತಮ್ಮ ಕಡೆ ಇರೋ ಬ್ರೇಕ್ ಒತ್ತಿದ್ರು. ಅವರು ಒತ್ತಿದ್ರು ಅಂದ್ರೆ ಅಲ್ಲಿಗೆ ಮುಗೀತಲ್ಲ.”

“ನನ್ನ ಜೊತೆ ಬರುವಾಗ ಅದೇ ತಿರುವಲ್ಲಿ ಎಷ್ಟು ನಯವಾಗಿ ನಿಲ್ಲಿಸ್ತೀರಿ!”

“ನನಗೂ ಅದೇ ಅರ್ಥ ಆಗಲ್ಲ ಟೀಚರ್. ನೀವು ಪಕ್ಕದಲ್ಲಿದ್ರೆ ನಾನು ರಾಣಿ. ಆ ಸಾಹೇಬ್ರು ಕೂತ ತಕ್ಷಣ ಕುರಿ.”

ಹೇಳಿ ನಕ್ಕಳು. ನಗು ಮುಗಿಯುವ ಮೊದಲೇ ಅವಳ ಕಣ್ಣು ಮೈದಾನದ ಗೇಟಿನಾಚೆ ಹೋಗುತ್ತಿದ್ದ ವ್ಯಾನೊಂದರ ಬೆನ್ನು ಹತ್ತಿದ್ದನ್ನು ಟೀಚರ್ ಗಮನಿಸಿದಳು. ಗಮನಿಸುವುದೇ ಅವಳ ಕೆಲಸವಾಗಿತ್ತು.

ಇಸ್ತ್ರಿ ಅಕ್ಕ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಊರಿನ ದೊಡ್ಡ ಲಾಂಡ್ರಿಯಲ್ಲಿ ಇಪ್ಪತ್ತು ವರ್ಷದಿಂದ ಇಸ್ತ್ರಿ ಮೇಜಿನ ಮುಂದೆ ನಿಂತು ನಿಂತು ಸಂಪಾದಿಸಿದ ಹೆಸರು. ಮೇಜು ಗೋಡೆಗೆ ತಾಗಿಕೊಂಡಿತ್ತು. ಹಾಗಾಗಿ ಇಷ್ಟು ವರ್ಷವೂ ಅವಳು ಕಣ್ಣೆತ್ತಿದರೆ ಕಂಡದ್ದು ಗೋಡೆಯೇ. ಹಬೆ ತಾಗಿ ತಾಗಿ ಅದರ ಬಣ್ಣ ಸಿಪ್ಪೆಯ ಹಾಗೆ ಎದ್ದಿತ್ತು. ಹೋಟೆಲುಗಳ ಹಾಸುಬಟ್ಟೆ, ಆಸ್ಪತ್ರೆಯ ಬಿಳಿ ಕೋಟು, ಶಾಲೆಯ ಸಮವಸ್ತ್ರ, ಎಲ್ಲವೂ ಅವಳ ಬಲಗಡೆ ಮುದ್ದೆಯಾಗಿ ಬಂದು ಎಡಗಡೆ ಮಡಿಕೆಯಾಗಿ ಹೋಗುತ್ತಿದ್ದವು. ಎಲ್ಲಿಂದ ಬಂದವು, ಎಲ್ಲಿಗೆ ಹೋದವು ಎಂದು ಅವಳು ಕಂಡವಳಲ್ಲ. “ಊರಲ್ಲಿ ಅರ್ಧ ಜನದ ಕಾಲರ್ ಅಳತೆ ನನಗೆ ಗೊತ್ತು ಟೀಚರ್, ಒಬ್ಬರ ಮನೆ ಬಾಗಿಲು ಗೊತ್ತಿಲ್ಲ” ಎಂದು ಮೊದಲನೇ ಪಾಠದ ದಿನವೇ ಹೇಳಿದ್ದಳು.

ಲಾಂಡ್ರಿಯ ವ್ಯಾನು ಓಡಿಸುತ್ತಿದ್ದ ಹಿರಿಯ ಡ್ರೈವರು ತಿಂಗಳ ಕೊನೆಗೆ ಕೆಲಸ ಬಿಡುವವನಿದ್ದ. ಆ ಸುದ್ದಿ ಬಂದ ದಿನ ಇಸ್ತ್ರಿ ಅಕ್ಕ ಎಲ್ಲರೆದುರಿಗೂ ಮಾಲೀಕರ ಬಳಿ ಹೋಗಿ, “ಆ ಗಾಡಿ ನಾನು ಓಡಿಸ್ತೀನಿ” ಎಂದಿದ್ದಳಂತೆ. ಒಗೆಯುವವರು, ಒಣಗಿಸುವವರು, ಲೆಕ್ಕ ಬರೆಯುವವರು ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಮಾಲೀಕರು ಕೆಟ್ಟವರೇನಲ್ಲ. “ಲೈಸೆನ್ಸ್ ತೋರಿಸಮ್ಮ, ಕೀಲಿ ತಗೋ. ಅವನು ಹೋಗೋದ್ರೊಳಗೆ ತರದಿದ್ರೆ ಬೇರೆಯವರನ್ನ ನೋಡ್ಕೋತೀನಿ. ಬಟ್ಟೆ ನಿನಗೋಸ್ಕರ ಕಾಯಲ್ಲ” ಎಂದಿದ್ದರು. ತಿಂಗಳು ಮುಗಿಯುವುದರೊಳಗೆ ಇನ್ನು ಒಂದೇ ಒಂದು ಪರೀಕ್ಷೆಗೆ ಅವಕಾಶವಿತ್ತು. ಅದೂ ತಪ್ಪಿದರೆ ಮತ್ತೆ ಗೋಡೆ.

ಡ್ರೈವಿಂಗ್ ಸ್ಕೂಲು ಟೀಚರ್‌ಳ ಅಣ್ಣನದು. ಚಪ್ಪಲಿ ಅಂಗಡಿಗೂ ದಂತವೈದ್ಯರ ಕ್ಲಿನಿಕ್ಕಿಗೂ ನಡುವೆ ಸಿಕ್ಕಿಕೊಂಡ ಒಂದೇ ಕೋಣೆ, ಒಂದು ಕೌಂಟರು, ಕೌಂಟರಿನ ಹಿಂದೆ ಅತ್ತಿಗೆ, ಹೊರಗೆ ಒಂದು ಬೂದು ಬಣ್ಣದ ಪುಟ್ಟ ಕಾರು. ಬಾಗಿಲ ಮೇಲಿನ ಬೋರ್ಡಿನಲ್ಲಿ ಅಣ್ಣ ದಪ್ಪಕ್ಷರದಲ್ಲಿ ಬರೆಸಿದ್ದ: “ಒಂದು ಗೀರೂ ಬೀಳದ ಕಲಿಕೆ.” ಅದು ಬರೀ ಬಾಯಿಮಾತಲ್ಲ. ಅಷ್ಟು ವರ್ಷ ಅಷ್ಟು ಜನ ಕಲಿತರೂ ಕಾರಿನ ಮೈಮೇಲೆ ಉಗುರು ತಾಗಿದ ಗುರುತೂ ಇರಲಿಲ್ಲ. ಬಂದವರಿಗೆಲ್ಲ ಅಣ್ಣ ಮೊದಲು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಮಾಡಿಸಿ, ಆಮೇಲೆ ಶುಲ್ಕದ ಮಾತೆತ್ತುತ್ತಿದ್ದ.

ಆ ಹೆಗ್ಗಳಿಕೆಯ ಹಿಂದೆ ಇದ್ದದ್ದು ಟೀಚರ್‌ಳ ಬಲಗಾಲು. ಕಲಿಸುವ ಕಾರಲ್ಲವೇ, ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕು ಇತ್ತು. ಟೀಚರ್ ಹುಟ್ಟಾ ಭಯಸ್ಥೆ. ಮನೆಯಿಂದ ಹೊರಡುವಾಗ ಬೀಗ ಎಳೆದು ನೋಡಿ, ನಾಲ್ಕು ಹೆಜ್ಜೆ ಹೋಗಿ, ಮತ್ತೆ ಬಂದು ಎಳೆದು ನೋಡುವವಳು. ಕಾಲೇಜು ಮುಗಿಸಿ ಎಲ್ಲೂ ಕೆಲಸ ಸಿಗದಿದ್ದಾಗ ಅಣ್ಣ, “ನಿನ್ನ ಹೆದರಿಕೆಗೆ ಸಂಬಳ ಕೊಡೋ ಕೆಲಸ ಜಗತ್ತಲ್ಲಿ ಇದೊಂದೇ, ಬಾ” ಎಂದು ಕರೆದುಕೊಂಡಿದ್ದ. ಮೊದಲ ವರ್ಷವೇ ಒಬ್ಬ ಕಲಿಯುವವನು ಹಣ್ಣಿನ ಗಾಡಿಗೆ ಗುದ್ದುವುದರಲ್ಲಿದ್ದ, ಕೂದಲೆಳೆಯಲ್ಲಿ ತಪ್ಪಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಹಣ್ಣಿನವಳು “ಅಯ್ಯೋ” ಎಂದ ದನಿ ಟೀಚರ್‌ಳ ಕಿವಿಯಿಂದ ಹೋಗಲೇ ಇಲ್ಲ. ಅಂದಿನಿಂದ ಅವಳು ಮೈಯೆಲ್ಲ ಕಣ್ಣಾಗಿ ಕೂರುತ್ತಿದ್ದಳು, ಮತ್ತು ಅವಳ ಕಾಲು ಅವಳನ್ನೂ ಕೇಳದೆ ಕೆಲಸ ಮಾಡುವುದನ್ನು ಕಲಿತುಕೊಂಡಿತು.

ಇದನ್ನು ಅವಳು ತಿಳಿದದ್ದು ಮೆಕ್ಯಾನಿಕ್ಕಿನ ಬಾಯಿಂದ. ಮೂರನೇ ಸಲ ನಪಾಸಾದ ಎರಡು ದಿನಕ್ಕೆ ಕಾರನ್ನು ಸರ್ವೀಸಿಗೆ ಬಿಟ್ಟಿದ್ದರು. ಸಂಜೆ ತರಲು ಹೋದಾಗ ಮೆಕ್ಯಾನಿಕ್ ಬಾಗಿಲೆರಡನ್ನೂ ತೆರೆದಿಟ್ಟುಕೊಂಡು, ಕಾರಿನ ನೆಲದ ಮೇಲೆ ಟಾರ್ಚು ಬಿಡುತ್ತ ಕುಳಿತಿದ್ದ.

“ಬನ್ನಿ ಮೇಡಂ. ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮ್ಮ ಸ್ಕೂಲಲ್ಲಿ ಗಾಡಿ ಓಡಿಸೋರು ಯಾರು?”

“ಕಲಿಯೋಕೆ ಬರೋರು. ಇನ್ನ್ಯಾರು?”

“ಹಂಗಾದ್ರೆ ಇಲ್ಲಿ ಬಗ್ಗಿ ನೋಡಿ. ಇದು ಅವರು ತುಳಿಯೋ ಬ್ರೇಕು. ರಬ್ಬರ್ ಮೇಲಿನ ಗೆರೆ ನೋಡಿ, ನಿನ್ನೆ ಅಂಗಡಿಯಿಂದ ತಂದ ಹಂಗಿದೆ. ಇದು ನಿಮ್ಮ ಕಡೆಯದ್ದು. ಗೆರೆ ಬಿಡಿ, ರಬ್ಬರೇ ಇಲ್ಲ, ಕಬ್ಬಿಣ ಹಲ್ಲು ಕಿರೀತಾ ಇದೆ. ಎರಡನ್ನೂ ಒಟ್ಟಿಗೇ ಹಾಕಿದ್ದು ನಾನು, ನನ್ನ ಕೈಯಾರೆ.” ಟಾರ್ಚು ಆರಿಸಿ ಅವಳ ಮುಖ ನೋಡಿದ. “ಫೀಸು ಕೊಟ್ಟು ಕಲೀತಿರೋರು ನೀವೊಬ್ಬರೇ ಅಂತ ಕಾಣುತ್ತೆ ಮೇಡಂ!”

ಅವನು ತಮಾಷೆಗೆ ಹೇಳಿದ್ದು. ಟೀಚರ್‌ಗೆ ಮಾತ್ರ ತಲೆ ಮೇಲೆ ತಣ್ಣೀರು ಸುರಿದಂತಾಯಿತು. ಬಗ್ಗಿದವಳು ಹಾಗೇ ಬಗ್ಗಿಕೊಂಡೇ ಇದ್ದಳು. ಕಡೆಗೆ ಮೆಕ್ಯಾನಿಕ್ಕೇ ಗಾಬರಿಯಾಗಿ, “ಸೊಂಟ ಹಿಡ್ಕೊಂಡ್ತಾ?” ಎಂದು ಕೇಳಬೇಕಾಯಿತು.

ಕಾರು ತೆಗೆದುಕೊಂಡು ಹೋಗುತ್ತ ಅವಳಿಗೆ ಒಂದೊಂದಾಗಿ ತಿಳಿಯತೊಡಗಿತು. ಉಳಿದವರೆಲ್ಲ ಹೇಗೋ ಪಾಸಾಗುತ್ತಿದ್ದರು, ಏಕೆಂದರೆ ಅವರ ಮನೆಯಲ್ಲಿ ಅಪ್ಪನದೋ ಗಂಡನದೋ ಚಿಕ್ಕಪ್ಪನದೋ ಒಂದು ಗಾಡಿ ಇರುತ್ತಿತ್ತು. ರಜದ ದಿನ ಅದರಲ್ಲಿ ಒಂದೆರಡು ಸಲ ಯಾರ ಮೈಮೇಲೋ ಹೋಗುವುದರಲ್ಲಿದ್ದು, ಬೈಸಿಕೊಂಡು, ಬ್ರೇಕು ಎಂದರೇನೆಂದು ಅಲ್ಲಿ ಕಲಿಯುತ್ತಿದ್ದರು. ಇಸ್ತ್ರಿ ಅಕ್ಕನಿಗೆ ಮನೆಯಲ್ಲಿ ಸೈಕಲ್ಲೂ ಇರಲಿಲ್ಲ. ಅವಳಿಗೆ ಇದ್ದದ್ದು ಈ ಕಾರೊಂದೇ, ಪಕ್ಕದಲ್ಲಿ ಈ ಟೀಚರ್ ಒಬ್ಬಳೇ. ಅವಳು ಬ್ರೇಕಿಗೆ ಕಾಲು ಇಡುವ ಮೊದಲೇ ಕಾರು ನಿಧಾನವಾಗುತ್ತಿತ್ತು. ಪಾಪ, ಅದು ತನ್ನ ಕಾಲಿನದೇ ಕೆಲಸ ಎಂದು ನಂಬಿಕೊಂಡು ಅವಳು ಹಿಗ್ಗುತ್ತಿದ್ದಳು. ಟೀಚರ್ ಕೂಡ ಹಾಗೇ ನಂಬಿ, “ಎಷ್ಟು ನಯ!” ಎಂದು ಹೊಗಳುತ್ತಿದ್ದಳು.

ಹೇಳುವುದೋ ಬಿಡುವುದೋ? ಹೇಳದೆಯೇ ಇನ್ನು ಮುಂದೆ ಕಾಲು ಹಿಂದೆ ತೆಗೆದುಕೊಂಡರೆ ಸಾಲದೇ? ಟೀಚರ್ ಇದನ್ನು ಹತ್ತು ಕಡೆಯಿಂದ ತಿರುಗಿಸಿ ನೋಡಿದಳು. ಅವಳ ಸ್ವಭಾವವೇ ಅದು. ಆದರೆ ಹೇಳದೆ ಕಾಲು ತೆಗೆದರೆ, ನಯವಾಗಿ ನಿಲ್ಲುತ್ತಿದ್ದ ಕಾರು ಇದ್ದಕ್ಕಿದ್ದಂತೆ ನಿಲ್ಲದೆ ಹೋಗಿ, ಇದ್ದ ಧೈರ್ಯವೂ ಹಾರಿಹೋಗುವುದಿಲ್ಲವೇ? ಮರುದಿನ ಮಧ್ಯಾಹ್ನ ಅವಳು ಲಾಂಡ್ರಿಗೆ ಹೋದಳು.

ಅಲ್ಲಿಯವರೆಗೆ ಟೀಚರ್ ಅವಳನ್ನು ಕೆಲಸದ ಜಾಗದಲ್ಲಿ ನೋಡಿರಲಿಲ್ಲ. ಸ್ಟೇರಿಂಗ್ ಹಿಂದೆ ಭುಜ ಕುಗ್ಗಿಸಿ ಕೂರುತ್ತಿದ್ದ ಹೆಂಗಸು ಇವಳೇನಾ ಎನಿಸಿತು. ಕಾಲು ಅಗಲಿಸಿ, ಮೈ ಸಡಿಲ ಬಿಟ್ಟು ನಿಂತಿದ್ದಳು. ಅಂಗಿಯನ್ನು ಒಮ್ಮೆ ಝಾಡಿಸಿ ಹಾಸಿದರೆ ಕಾಲರು, ಬೆನ್ನು, ತೋಳು ಎಲ್ಲ ತಮ್ಮ ತಮ್ಮ ಜಾಗಕ್ಕೆ ತಾವೇ ಬಂದು ಮಲಗುತ್ತಿದ್ದವು. ಭಾರದ ಇಸ್ತ್ರಿಪೆಟ್ಟಿಗೆ ಅವಳ ಕೈಯಲ್ಲಿ ದೋಣಿಯ ಹಾಗೆ ತೇಲುತ್ತಿತ್ತು. ಗುಂಡಿಗಳ ನಡುವೆ ಮೂಗು ತೂರಿಸಿ, ಜೇಬಿನ ಅಂಚಿನಲ್ಲಿ ಹೊರಳಿ, ತೋಳಿನ ಉದ್ದಕ್ಕೂ ಒಂದೇ ಉಸಿರಿಗೆ ಓಡಿ ಹಗುರವಾಗಿ ಎದ್ದುಬಿಡುತ್ತಿತ್ತು. ಇಷ್ಟು ಬಲ್ಲ ಕೈಯನ್ನು ತಾನು ಕಾರಿನಲ್ಲಿ ಕೂಸಿನ ಹಾಗೆ ಹಿಡಿದು ನಡೆಸುತ್ತಿದ್ದೆನಲ್ಲ ಎಂದು ಟೀಚರ್‌ಗೆ ಕೆನ್ನೆ ಬಿಸಿಯಾಯಿತು.

“ಇದೇನು ಟೀಚರ್, ಇಲ್ಲಿಗೇ ಪಾಠ ತಂದ್ರಾ?”

ಟೀಚರ್ ಸುತ್ತಿಬಳಸದೆ ಹೇಳಿದಳು. ರಬ್ಬರಿನ ಕಥೆ ಹೇಳಿದಳು, ಮೆಕ್ಯಾನಿಕ್ಕಿನ ಮಾತನ್ನೂ ಹೇಳಿದಳು. ಇಸ್ತ್ರಿ ಅಕ್ಕ ಕೇಳುತ್ತ ಕೇಳುತ್ತ ಒಂದು ಅಂಗಿ ಮುಗಿಸಿದಳು, ಮಡಿಚಿದಳು, ಮಡಿಕೆಯ ಮೇಲಿಟ್ಟಳು. ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು.

“ಅಂದ್ರೆ ಇಷ್ಟು ದಿನ ಬ್ರೇಕ್ ಹಾಕಿದ್ದು ನಾನಲ್ಲ?”

“ಅರ್ಧ ನೀವೇ ಅಕ್ಕ.”

“ಯಾವ ಅರ್ಧ?”

ಟೀಚರ್ ಮಡಿಕೆಯ ಮೇಲಿನ ಅಂಗಿಯ ಕಾಲರನ್ನು ನೇವರಿಸತೊಡಗಿದಳು.

“ಮನೇಲಿ ಮಗಳ ಹತ್ರ ಏನು ಜಂಬ ಕೊಚ್ಚಿದ್ದೆ ಗೊತ್ತಾ? ‘ನಿಮ್ಮಮ್ಮ ಗಾಡಿ ನಿಲ್ಸಿದ್ರೆ ಮಡಿಲಲ್ಲಿರೋ ಲೋಟದ ನೀರೂ ತುಳುಕಲ್ಲ’ ಅಂತ.” ಅವಳ ದನಿ ಏರಿತು. ಪಕ್ಕದ ಮೇಜಿನವರು ತಿರುಗಿ ನೋಡಿದರು. “ಮೂರು ಸಲ ಟೀಚರ್! ಮೂರು ಸಲ ಆ ಸಾಹೇಬ್ರ ಮುಂದೆ ಕುರಿ ಆದೆ. ನನ್ನ ತಲೆ ಸರಿ ಇಲ್ಲ, ನನಗೆ ವಯಸ್ಸಾಯ್ತು, ಇದು ನನ್ನಂಥೋರಿಗೆ ಹೇಳಿದ್ದಲ್ಲ ಅಂತ ಎಷ್ಟು ಅಂದ್ಕೊಂಡೆ!”

“ನಿಮ್ಮ ತಲೆ ಸರಿಯಾಗೇ ಇದೆ. ಸರಿ ಇಲ್ಲದ್ದು ನನ್ನ ಕಾಲು.”

ಇಸ್ತ್ರಿ ಅಕ್ಕ ಅವಳನ್ನು ದಿಟ್ಟಿಸಿ ನೋಡಿದಳು. ಆಮೇಲೆ ಟೀಚರ್ ನಿರೀಕ್ಷಿಸಿರದ ಒಂದು ಕೆಲಸ ಮಾಡಿದಳು: ಹೊಸದಾಗಿ ಒಂದು ಅಂಗಿ ಝಾಡಿಸಿ ಹಾಸುತ್ತ, ಲೆಕ್ಕಾಚಾರದ ದನಿಯಲ್ಲಿ ಮಾತಾಡತೊಡಗಿದಳು.

“ಸರಿ. ಹಾಗಾದ್ರೆ ನನಗೆ ಬರಲ್ಲ ಅಂತೇನಿಲ್ಲ. ನಾನು ಇನ್ನೂ ಕಲಿತೇ ಇಲ್ಲ, ಅಷ್ಟೇ. ಅದು ಬೇರೆ ವಿಷಯ ಅಲ್ವಾ?”

“ಪೂರ್ತಿ ಬೇರೆ.”

“ಹಂಗಾದ್ರೆ ನಾಳೆಯಿಂದ ಒಂದು ಕೆಲಸ ಮಾಡಿ. ನಿಮ್ಮ ಕಾಲು ಬ್ರೇಕ್ ಮುಟ್ಟಿದಾಗಲೆಲ್ಲ ‘ನಾನು’ ಅನ್ನಿ. ಗಟ್ಟಿಯಾಗಿ ಅನ್ಬೇಕು. ಕದ್ದು ಒತ್ತೋ ಹಾಗಿಲ್ಲ. ಎಷ್ಟು ನನ್ನದು, ಎಷ್ಟು ನಿಮ್ಮದು ಅಂತ ಗೊತ್ತಾಗ್ಲಿ.”

ಮರುದಿನ ಬೆಳಿಗ್ಗೆ ಹೊರಟರು. ಚಪ್ಪಲಿ ಅಂಗಡಿ ದಾಟುವುದರೊಳಗೆ ಟೀಚರ್ “ನಾನು” ಎಂದಳು. ಬೇಕರಿಯ ಮುಂದೆ “ನಾನು.” ಸೈಕಲ್ಲಿನವನು ಅಡ್ಡ ಬಂದಾಗ “ನಾನು.” ಸೈಕಲ್ಲಿನವನು ಅಡ್ಡ ಬರಬಹುದು ಎನಿಸಿದಾಗಲೂ “ನಾನು.” ಬಸ್ ನಿಲ್ದಾಣದ ಹತ್ತಿರ ಅವಳು ಕಾಗೆಯ ಹಾಗೆ ಬಿಡದೆ “ನಾನು, ನಾನು, ನಾನು” ಎನ್ನತೊಡಗಿದಾಗ ಇಸ್ತ್ರಿ ಅಕ್ಕ ಕಾರನ್ನು ಪಕ್ಕಕ್ಕೆ ತಂದಳು. ನಿಲ್ಲಿಸಿದ್ದೂ ಟೀಚರೇ.

“ನಾನು” ಎಂದಳು ಟೀಚರ್, ಸೋತ ದನಿಯಲ್ಲಿ.

ಇಸ್ತ್ರಿ ಅಕ್ಕ ಸ್ಟೇರಿಂಗ್ ಮೇಲೆ ಹಣೆಯಿಟ್ಟಳು. ಅಳುತ್ತಿದ್ದಾಳೆಂದುಕೊಂಡಳು ಟೀಚರ್. ನೋಡಿದರೆ ನಗುತ್ತಿದ್ದಳು, ಭುಜ ಕುಲುಕುವಷ್ಟು.

“ಅಯ್ಯೋ ದೇವರೇ! ನನಗೆ ಸ್ಟೇರಿಂಗಾದ್ರೂ ಬಿಟ್ಟುಕೊಟ್ಟಿದ್ದೀರಲ್ಲ ಟೀಚರ್, ಅದೇ ನನ್ನ ಪುಣ್ಯ!”

ಊರಾಚೆ ಬಾಗಿಲು ಮುಚ್ಚಿದ ಕಾರ್ಖಾನೆಯೊಂದಿತ್ತು, ಅದರ ಮುಂದೆ ಸಿಮೆಂಟಿನ ದೊಡ್ಡ ಅಂಗಳ. ಜನರಿಲ್ಲ, ದನಕರುವಿಲ್ಲ, ಮೂಲೆಯಲ್ಲಿ ಒಂದು ಹಳೆಯ ದೀಪದ ಕಂಬ. ಅಲ್ಲಿ ಟೀಚರ್ ಚಪ್ಪಲಿ ಬಿಚ್ಚಿ, ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಳು. ಕಾಲನ್ನು ಕಾಲಿನಿಂದಲೇ ಕಟ್ಟಿಹಾಕಿದ ಹಾಗೆ. ಕಾರು ಅವಳ ಅಂಕೆ ಮೀರಿ ಓಡಿದ್ದು ಅವಳ ಇಷ್ಟು ವರ್ಷದ ಕೆಲಸದಲ್ಲಿ ಅದೇ ಮೊದಲು. ಇಸ್ತ್ರಿ ಅಕ್ಕ ಬ್ರೇಕು ಒತ್ತಿದರೆ ಇಬ್ಬರ ತಲೆಯೂ ಮುಂದಕ್ಕೆ ಜೋಲಿ ಹೊಡೆಯುತ್ತಿತ್ತು. ಒತ್ತದಿದ್ದರೆ ಗೋಡೆ ಓಡಿಬರುತ್ತಿತ್ತು. ಟೀಚರ್ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಹಲ್ಲು ಕಚ್ಚಿ ಕುಳಿತಳು. ಜೀವ ಬಾಯಿಗೆ ಬಂದು ಹೋಗಿ ಬಂದು ಹೋಗಿ ಮಾಡುತ್ತಿತ್ತು.

“ಕಣ್ಣು ಮುಚ್ಕೋಬೇಡಿ ಟೀಚರ್, ನನಗೆ ಹೆದರಿಕೆ ಆಗುತ್ತೆ!”

“ನೀವು ರಸ್ತೆ ನೋಡಿ, ನನ್ನ ಮುಖ ಯಾಕೆ ನೋಡ್ತೀರಿ?”

ಆ ಮಾತು ಮುಗಿಯುವಷ್ಟರಲ್ಲಿ ಕಂಬ ಬಂದಿತ್ತು. ದೊಡ್ಡದೇನಲ್ಲ, ಒಂದು ಕರ್ಕಶ ಸದ್ದು ಅಷ್ಟೆ. ಇಳಿದು ನೋಡಿದರೆ ಕಾರಿನ ಬಾಗಿಲಿನಿಂದ ಹಿಂದಿನ ಚಕ್ರದವರೆಗೆ ಬೆಳ್ಳನೆಯ ಗೀರು. ಇಬ್ಬರೂ ಅದರ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತರು. ಇಸ್ತ್ರಿ ಅಕ್ಕ ಬೆರಳಿನಿಂದ ಉಜ್ಜಿ ನೋಡಿದಳು.

“ಹೋಗಲ್ಲ ಅಲ್ವಾ?”

“ಬಟ್ಟೆಯಲ್ಲ ಅಕ್ಕ ಇದು.”

“ನಿಮ್ಮಣ್ಣ?”

ಟೀಚರ್ ಕಾರಿನೊಳಗೆ ಹೋಗಿ ಮತ್ತೆ ಚಕ್ಕಳಮಕ್ಕಳ ಹಾಕಿದಳು. “ಬನ್ನಿ. ಇನ್ನೊಂದು ಸುತ್ತು. ಕಂಬ ಅಲ್ಲೇ ಇದೆ.”

ಅಣ್ಣ ಆ ಸಂಜೆ ಗೀರನ್ನು ಕಂಡು ಕಲ್ಲಾಗಿ ನಿಂತ. ಆಮೇಲೆ ಬಾಯಿ ಬಂತು. “ಬೋರ್ಡು ಇಳಿಸ್ಲಾ? ಹೇಳು, ಈಗ್ಲೇ ಏಣಿ ತರ್ತೀನಿ. ಇಷ್ಟು ವರ್ಷದ ಮರ್ಯಾದೆ ಒಂದೇ ದಿನದಲ್ಲಿ ಮಣ್ಣುಪಾಲು ಮಾಡಿದ್ಯಲ್ಲೇ! ನಿನ್ನ ಕಾಲು ಎಲ್ಲಿ ಹೋಗಿತ್ತು?”

ಟೀಚರ್ ಅಣ್ಣನಿಗೆ ಎಂದೂ ಎದುರಾಡಿದವಳಲ್ಲ. ಆದರೂ ಹೇಳಿದಳು: “ಅಣ್ಣಾ, ನಿನ್ನ ಕಾರಿಗೆ ಗೀರು ಬೀಳಬಾರದು ಅಂತ ನಾನು ಯಾರಿಗೂ ಪೂರ್ತಿ ಕಲಿಸೇ ಇಲ್ಲ. ಪಾಸಾದೋರೆಲ್ಲ ಬೇರೆಯವರ ಕಾರಿಗೆ ಗೀರಿ ಕಲಿತ್ರು. ಈ ಅಕ್ಕನಿಗೆ ಬೇರೆ ಕಾರಿಲ್ಲ. ಇದಕ್ಕೇ ಬೀಳಬೇಕು.”

“ಕೇಳ್ದೇನೇ, ನಿನ್ನ ನಾದಿನಿ ಮಾತು!” ಅಣ್ಣ ಕೌಂಟರಿನ ಕಡೆ ತಿರುಗಿದ.

ಅತ್ತಿಗೆ ರಸೀದಿ ಪುಸ್ತಕದಿಂದ ತಲೆಯೆತ್ತಲಿಲ್ಲ. “ಕೇಳ್ದೆ. ಗೀರಿನ ಮೇಲೆ ಉದ್ದಕ್ಕೆ ‘ಇಲ್ಲಿ ನಿಜವಾಗಿ ಕಲಿಸಲಾಗುತ್ತದೆ’ ಅಂತ ಬರೆಸಿಬಿಡಿ. ಬಣ್ಣದ ಖರ್ಚೂ ಉಳಿಯುತ್ತೆ, ಬೋರ್ಡಿನ ಖರ್ಚೂ ಉಳಿಯುತ್ತೆ.”

ಅಣ್ಣ ಗೊಣಗಿಕೊಂಡು ಒಳಗೆ ಹೋದ. ಕಾರಿನ ಕೀಲಿಯನ್ನು ಮಾತ್ರ ಮೊಳೆಯಿಂದ ತೆಗೆಯಲಿಲ್ಲ. ಟೀಚರ್ ಅಷ್ಟನ್ನೇ ಒಪ್ಪಿಗೆಯೆಂದು ತಿಳಿದಳು.

ಅಂಗಳದಲ್ಲಿ ಒಂದು ವಾರ ಕಳೆದು ಮತ್ತೆ ರಸ್ತೆಗೆ ಇಳಿದರು. ಈಗ ಟೀಚರ್ ಪಾದ ಬ್ರೇಕಿನ ಪಕ್ಕದಲ್ಲಿ ನೆಲಕ್ಕೆ ಊರಿಕೊಂಡು ಕೂರುತ್ತಿದ್ದಳು. ನಿಜವಾಗಿ ಯಾರಿಗಾದರೂ ಪೆಟ್ಟಾಗುವಂತಿದ್ದರೆ ಮಾತ್ರ ಒತ್ತುವುದೆಂದು ಮಾತಾಗಿತ್ತು. ಮೊದಮೊದಲು ಐದಾರು ಸಲ “ನಾನು” ಕೇಳಿಸುತ್ತಿತ್ತು. ಕೆಲವೊಮ್ಮೆ ಟೀಚರ್ “ನಾ…” ಎಂದು ಬಾಯಿ ತೆರೆದು, ಕಾಲು ಎತ್ತಿ, ಕಾರು ಆಗಲೇ ನಿಧಾನವಾಗುತ್ತಿರುವುದನ್ನು ಕಂಡು ಬಾಯಿ ಮುಚ್ಚುತ್ತಿದ್ದಳು. ಅದು ಅವಳಿಗೆ ತೀರ ಹೊಸ ಅನುಭವ. ಮೆಟ್ಟಿಲಿದೆಯೆಂದು ಕಾಲಿಟ್ಟು ಸಮನೆಲ ಸಿಕ್ಕ ಹಾಗೆ ಒಂದು ಕ್ಷಣ ಮೈ ಜುಮ್ಮೆನ್ನುತ್ತಿತ್ತು.

ಆಮೇಲೆ ಅವಳು ಇನ್ನೊಂದನ್ನು ಕಂಡಳು. ಯಾರೇ ಬ್ರೇಕು ಹಾಕಲಿ, ಎಷ್ಟೇ ನಯವಾಗಿರಲಿ, ಕಾರು ನಿಲ್ಲುವ ಕೊನೆಯ ಗಳಿಗೆಯಲ್ಲಿ ಒಮ್ಮೆ ಮೂತಿ ತಗ್ಗಿಸಿ ಎತ್ತುತ್ತದೆ, ಕೂತವರ ಕತ್ತು ಒಂದಿಷ್ಟು ಅಲ್ಲಾಡುತ್ತದೆ. ಟೀಚರ್ ಹಾಕಿದರೂ ಅಷ್ಟೆ. ಇಸ್ತ್ರಿ ಅಕ್ಕ ನಿಲ್ಲಿಸಿದಾಗ ಈಚೆಗೆ ಅದಾಗುತ್ತಿರಲಿಲ್ಲ. ಮಲಗಿದ ಮಗುವನ್ನು ಹಾಸಿಗೆಗೆ ಇಳಿಸಿದ ಹಾಗೆ ಕಾರು ನಿಲ್ಲುತ್ತಿತ್ತು. ಟೀಚರ್ ಎರಡು ದಿನ ನೋಡಿದಳು, ಮೂರನೇ ದಿನ ತಡೆಯಲಾರದೆ ಕೇಳಿದಳು.

“ಅಕ್ಕ, ಕೊನೇಲಿ ಏನು ಮಾಡ್ತೀರಿ?”

“ಏನು ಮಾಡ್ತೀನಿ?” ಅವಳಿಗೇ ಗೊತ್ತಿರಲಿಲ್ಲ. ಇನ್ನೊಮ್ಮೆ ನಿಲ್ಲಿಸಿ ನೋಡಿದಳು. “ಓ, ಇದಾ? ನಿಲ್ಲೋಕ್ಕೆ ಚೂರು ಮುಂಚೆ ಕಾಲಿನ ಭಾರ ಎತ್ತಿಬಿಡ್ತೀನಿ. ಇಸ್ತ್ರಿಪೆಟ್ಟಿಗೇನ ಭಾರ ಬಿಟ್ಟು ಹಂಗೇ ನಿಲ್ಸಿದ್ರೆ ಬಟ್ಟೆ ಮೇಲೆ ಅದರ ಅಂಚು ಮೂಡುತ್ತಲ್ಲ? ಅದಕ್ಕೆ ನಿಲ್ಲೋ ಹೊತ್ತಿಗೆ ಹಗುರ ಮಾಡೋದು. ಕೈಗೆ ಅಭ್ಯಾಸ. ಕಾಲಿಗೂ ಬಂದಿರ್ಬೇಕು. ಯಾಕೆ, ತಪ್ಪಾ?”

“ತಪ್ಪಲ್ಲ” ಎಂದಳು ಟೀಚರ್. ತಾನು ಕಲಿಸದೇ ಇದ್ದದ್ದು, ತನಗೇ ಬಾರದೇ ಇದ್ದದ್ದು, ತಾನು ಕಾಲು ತೆಗೆದ ಜಾಗದಲ್ಲಿ ತಾನಾಗಿ ಹುಟ್ಟಿಕೊಂಡಿತ್ತು. “ನನಗೂ ಹೇಳಿಕೊಡಿ” ಎಂದಳು.

ಆ ದಿನ ಸೀಟು ಅದಲುಬದಲಾಯಿತು. ಟೀಚರ್ ಹತ್ತಾರು ಸಲ ಕಾರು ನಿಲ್ಲಿಸಿದಳು. ಪ್ರತಿ ಸಲವೂ ಇಸ್ತ್ರಿ ಅಕ್ಕ ಕತ್ತು ಅಲ್ಲಾಡಿಸಿ, “ಅಂಚು ಮೂಡ್ತು” ಎನ್ನುತ್ತಿದ್ದಳು.

ಪರೀಕ್ಷೆಯ ಹಿಂದಿನ ದಿನ ಊರನ್ನು ಒಂದು ಪೂರ್ತಿ ಸುತ್ತು ಹಾಕಿ ಬಂದರು. ಸ್ಕೂಲಿನ ಬಾಗಿಲಲ್ಲಿ ಇಸ್ತ್ರಿ ಅಕ್ಕ ಹೇಳಿದಳು: “ಇವತ್ತು ನಿಮ್ಮ ಬಾಯಿಂದ ಒಂದು ಸಲಾನೂ ಬರ್ಲಿಲ್ಲ.”

“ಗೊತ್ತು.”

“ಕಷ್ಟ ಆಯ್ತಾ?”

“ಬೇಕರಿ ಹತ್ರ ತುಂಬಾ ಕಷ್ಟ ಆಯ್ತು.”

ಪರೀಕ್ಷೆಯ ದಿನ ಮೈದಾನದಲ್ಲಿ ಸರದಿ ಉದ್ದವಿತ್ತು. ಸಾಹೇಬರು ಬೆಳಗಿನಿಂದ ಮುಖ ಗಂಟಿಕ್ಕಿಕೊಂಡೇ ಇದ್ದರು. ಹೋದವರಲ್ಲಿ ಹೆಚ್ಚಿನವರು ಪೆಚ್ಚುಮೋರೆ ಹಾಕಿಕೊಂಡು ವಾಪಸಾಗುತ್ತಿದ್ದರು. ಇಸ್ತ್ರಿ ಅಕ್ಕನನ್ನು ಕಂಡು, “ನೀವು ಮತ್ತೆ ಬಂದ್ರಾ?” ಎಂದರು.

“ನೀವೂ ಇದ್ದೀರಲ್ಲ ಸಾರ್.”

ಸರದಿಯಲ್ಲಿದ್ದವರು ನಕ್ಕರು. ಸಾಹೇಬರು ನಗದೆ ಪಕ್ಕದ ಸೀಟಿನಲ್ಲಿ ಕುಳಿತರು. ಟೀಚರ್ ನೀರಿನ ಟ್ಯಾಂಕಿನ ಪಕ್ಕದಲ್ಲಿ ನಿಂತಳು. ಅಲ್ಲಿಂದ ಕಾರು ಕಾಣುತ್ತಿತ್ತು, ಒಳಗಿನ ಕಾಲುಗಳು ಕಾಣುತ್ತಿರಲಿಲ್ಲ.

ಕಾರು ಹೊರಟ ತಕ್ಷಣ ಧಡಕ್ಕೆಂದು ಕುಲುಕಿ ಬಂದ್ ಆಯಿತು.

ಕಳೆದ ಸಲ ಹೀಗೇ ಆದಾಗ ಇಸ್ತ್ರಿ ಅಕ್ಕ ಗಾಬರಿ ಬಿದ್ದು, ಕೀಲಿಯನ್ನು ಮೂರು ಸಲ ತಿರುವಿ, ಕಿಟಕಿಯಿಂದ ಟೀಚರ್‌ಳನ್ನು ಹುಡುಕಿದ್ದಳು. ಈ ಸಲವೂ ತಲೆ ತಿರುಗೀತು, ಕಣ್ಣು ತನ್ನನ್ನು ಹುಡುಕೀತು ಎಂದು ಟೀಚರ್ ಕಾದಳು. ತಲೆ ತಿರುಗಲಿಲ್ಲ. ಕಾರು ಅಲ್ಲೇ ನಿಂತಿತ್ತು. ಒಳಗೆ ಅವಳು ಸಾಹೇಬರಿಗೆ ಏನೋ ಹೇಳುವುದು ಕಂಡಿತು. ಆಮೇಲೆ ಅಂಗಿ ಝಾಡಿಸುವ ಮೊದಲು ಮಾಡುತ್ತಿದ್ದ ಹಾಗೆ ಭುಜ ಸಡಿಲ ಬಿಟ್ಟಳು. ಇಂಜಿನ್ನು ಶುರುವಾಯಿತು. ಕಾರು ಸಾವಧಾನವಾಗಿ, ಯಾರಿಗೂ ಹೆದರಬೇಕಾಗಿಲ್ಲ ಎಂಬಂತೆ, ಗೇಟು ದಾಟಿ ರಸ್ತೆಗೆ ಹೋಯಿತು.

ವಾಪಸು ಬರುವಷ್ಟರಲ್ಲಿ ಟೀಚರ್ ಕರವಸ್ತ್ರವನ್ನು ಹಗ್ಗದ ಹಾಗೆ ಹೊಸೆದಿದ್ದಳು. ಕೊನೆಯ ತಿರುವು ಅವಳ ಕಣ್ಣೆದುರಿಗೇ ಇತ್ತು. ಇಸ್ತ್ರಿ ಅಕ್ಕನ ಕಾರು ತಿರುವಿಗೆ ಬರುವುದೂ, ಆಚೆ ಕಡೆಯಿಂದ ಒಬ್ಬ ಮುದುಕರು ಕೈಚೀಲ ಹಿಡಿದು ರಸ್ತೆಗೆ ಕಾಲಿಡುವುದೂ ಒಂದೇ ಹೊತ್ತಿಗಾಯಿತು. ಇಲ್ಲಿಂದ ಅಷ್ಟು ದೂರ. ಟೀಚರ್ ಏನೂ ಮಾಡುವಂತಿರಲಿಲ್ಲ. ನೋಡುವುದೊಂದೇ ಉಳಿದಿತ್ತು, ನೋಡಿದಳು.

ಕಾರು ಮೊದಲೇ ನಿಧಾನವಾಗಿತ್ತು. ಮುದುಕರು ತಲೆಯೆತ್ತುವುದರೊಳಗೆ ನಿಂತೂ ಬಿಟ್ಟಿತ್ತು, ಮೂತಿ ಒಂದಿಷ್ಟೂ ತಗ್ಗದೆ. ಮುದುಕರಿಗೆ ಅದು ತಮಗಾಗಿ ನಿಂತದ್ದೆಂದೂ ತಿಳಿಯಲಿಲ್ಲ. ಚೀಲ ಇನ್ನೊಂದು ಕೈಗೆ ಬದಲಾಯಿಸಿಕೊಂಡು ದಾಟಿ ಹೋದರು.

ಸಾಹೇಬರು ಇಳಿದರು. ಬಾಗಿಲು ಹಾಕಿದವರು ಮತ್ತೆ ತೆರೆದು, ತಮ್ಮ ಕಡೆಯ ಬ್ರೇಕನ್ನು ಬಗ್ಗಿ ನೋಡಿ, ಟೀಚರ್ ಕಡೆಗೆ ಬಂದರು.

“ನನ್ನ ಕಾಲಿಗೆ ಕೆಲಸಾನೇ ಕೊಡ್ಲಿಲ್ಲ ಈಯಮ್ಮ. ಶುರುವಲ್ಲಿ ಗಾಡಿ ಬಂದ್ ಆಯ್ತಲ್ಲ, ಏನಂದ್ರು ಗೊತ್ತಾ? ‘ಒಂದು ನಿಮಿಷ ಸಾರ್, ನಾನು ಅವಸರ ಮಾಡಲ್ಲ’ ಅಂದ್ರು. ಇಲ್ಲಿ ಕೂತೋರೆಲ್ಲ ಅವಸರ ಮಾಡೋರೇ.” ಹಾಳೆಯ ಮೇಲೆ ಸಹಿ ಹಾಕಿದರು. “ಪಾಸು. ಯಾರ ಹತ್ರ ಕಲಿತ್ರಿ ಅಂತ ಕೇಳ್ದೆ. ನಿಮ್ಮನ್ನ ತೋರಿಸಿದ್ರು.”

ಟೀಚರ್ ಏನೋ ಹೇಳಬೇಕೆಂದುಕೊಂಡಳು. ಹೇಳುವ ಮೊದಲೇ ಇಸ್ತ್ರಿ ಅಕ್ಕ ಕಾರಿನ ಹಾರನ್ನು ಉದ್ದಕ್ಕೆ ಬಾರಿಸಿದಳು. ಇಡೀ ಮೈದಾನ ಬೆಚ್ಚಿ ತಿರುಗಿತು.

“ಬನ್ನಿ ಟೀಚರ್, ಹತ್ತಿ! ಮಾಲೀಕರು ಊಟಕ್ಕೆ ಹೋಗೋ ಮುಂಚೆ ಕೀಲಿ ಇಸ್ಕೋಬೇಕು.”

ಟೀಚರ್ ಮುಂದಿನ ಬಾಗಿಲಿಗೆ ಕೈ ಹಾಕಿದಳು.

“ಅಲ್ಲಲ್ಲ. ಹಿಂದೆ ಕೂತ್ಕೊಳ್ಳಿ.”

“ಹಿಂದೆ ಯಾಕೆ?”

“ಮುಂದೆ ಕೂತ್ರೆ ನಿಮ್ಮ ಕಾಲಿಗೆ ಕಷ್ಟ. ಹಿಂದೆ ಒತ್ತೋಕೆ ಏನೂ ಇಲ್ಲ, ಆರಾಮಾಗಿರಿ.”

ಇಷ್ಟು ವರ್ಷದಲ್ಲಿ ಟೀಚರ್ ಆ ಕಾರಿನ ಹಿಂದಿನ ಸೀಟಿನಲ್ಲಿ ಕುಳಿತದ್ದೇ ಇಲ್ಲ. ಮೊಣಕಾಲು ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಮೊದಲ ಎರಡು ತಿರುವಿನಲ್ಲಿ ಮುಂದಿನ ಸೀಟಿನ ಬೆನ್ನು ಹಿಡಿದುಕೊಂಡಿದ್ದಳು. ಮೂರನೆಯದರಲ್ಲಿ ಕೈ ಬಿಟ್ಟಳು. ರಸ್ತೆ ಎಂದರೆ ಅವಳಿಗೆ ಮುಂದಿನ ಗಾಡಿಯ ಕೆಂಪು ದೀಪ, ಅಡ್ಡ ಬರಬಹುದಾದ ಸೈಕಲ್ಲು, ತೆರೆಯಬಹುದಾದ ಬಾಗಿಲು ಇಷ್ಟೇ ಆಗಿತ್ತು. ಈಗ ಪಕ್ಕದ ಕಿಟಕಿಯಲ್ಲಿ ಬೇರೆಯೇ ಊರೊಂದು ಸಾಗುತ್ತಿತ್ತು. ಮೂರನೇ ಮಹಡಿಯ ಬಾಲ್ಕನಿಯಲ್ಲಿ ಒಬ್ಬಳು ಒದ್ದೆ ತಲೆ ಒಣಗಿಸಿಕೊಳ್ಳುತ್ತಿದ್ದಳು. ಕ್ಷೌರದಂಗಡಿಯ ಗಾಜಿನೊಳಗೆ ಕಿತ್ತಳೆ ಬಣ್ಣದ ಮೀನುಗಳಿದ್ದವು.

“ಅಕ್ಕ, ಈ ಕ್ಷೌರದಂಗಡೀಲಿ ಮೀನಿನ ತೊಟ್ಟಿ ಯಾವಾಗ ಇಟ್ರು?”

“ನಾನು ನಿಮ್ಮ ಹತ್ರ ಸೇರಿದಾಗಿಂದ ಇದೆ ಟೀಚರ್. ನೀವು ನೋಡೇ ಇಲ್ವಾ?”

“ನಿಮಗೆ ಹೇಗೆ ಕಾಣಿಸ್ತು, ಓಡಿಸ್ತಾ ಓಡಿಸ್ತಾ?”

“ಆಗ ನಾನೆಲ್ಲಿ ಓಡಿಸ್ತಿದ್ದೆ!” ಕನ್ನಡಿಯಲ್ಲಿ ಇಸ್ತ್ರಿ ಅಕ್ಕನ ಕಣ್ಣು ಒಮ್ಮೆ ನಕ್ಕು ಮತ್ತೆ ರಸ್ತೆಗೆ ಹೋಯಿತು.

ಬೇಕರಿ ಬಂತು, ಹೋಯಿತು. ಟೀಚರ್ ಸೀಟಿಗೆ ಒರಗಿದಳು. ಮುಂದೆ ಆ ಕತ್ತು ನೆಟ್ಟಗಿತ್ತು, ಮೊಣಕೈಗಳು ಸಡಿಲವಾಗಿದ್ದವು. ಎಷ್ಟು ಚೆಂದ ಓಡಿಸುತ್ತಾಳೆ ಎನಿಸಿತು. ಯಾವ ಕಾಲಿನ ಕೆಲಸ ಎಂದು ಈ ಸಲ ಅನುಮಾನವಿರಲಿಲ್ಲ.

“ಅಕ್ಕ, ಇನ್ನೊಂದು ಸುತ್ತು ಹಾಕೋಣ್ವಾ? ನದಿ ಕಡೆಯಿಂದ?”

“ಇನ್ನೊಂದು ದಿನ ಟೀಚರ್. ಈಗ ನನಗೆ ಕೆಲಸ ಇದೆ” ಎಂದು ಇಸ್ತ್ರಿ ಅಕ್ಕ ತಿರುವಿನ ದೀಪ ಹಾಕಿ, ಕನ್ನಡಿ ನೋಡಿ, ಲಾಂಡ್ರಿಯ ಬೀದಿಗೆ ತಿರುಗಿಸಿದಳು.